ನಾನು ನೋಡದ ದ್ವೀಪ

ಆ ದ್ವೀಪವನ್ನು ನಾನು ಇವತ್ತಿಗೂ ನೋಡಿಲ್ಲ. ಆದರೆ ಅಲ್ಲಿನ ಕೋಟೆಯ ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಾರೆ, ಹಳೆಯ ಜೈಲು ನೋಡಲು ಯಾವ ತಿಂಗಳಲ್ಲಿ ಹೋಗಬೇಕು, ದೀಪಸ್ತಂಭಕ್ಕೆ ಇಳಿಯುವ ಮೆಟ್ಟಿಲು ಮಂಡಿನೋವಿನವರಿಗೆ ಆಗುತ್ತದೋ ಇಲ್ಲವೋ, ಇದೆಲ್ಲ ಒಂದು ಕಾಲಕ್ಕೆ ನನಗೆ ಬಾಯಿಪಾಠವಾಗಿತ್ತು. ವೇಲ್ಸ್ ದೇಶದ ವಾಯವ್ಯ ಮೂಲೆಗೆ ಅಂಟಿಕೊಂಡಂತಿರುವ ಆಂಗಲ್ಸಿ ಎಂಬ ದ್ವೀಪ ಅದು. ಕಡಲಿನ ಒಂದು ಸಣ್ಣ ಕಾಲುವೆ ಅದನ್ನು ನೆಲದಿಂದ ಬೇರೆ ಮಾಡುತ್ತದೆ. ಮೇಲೆ ಸೇತುವೆ ಇದೆ.

ಆಗ ನಾವು ಅಮೆರಿಕದ ಫ್ರೀಮಾಂಟ್‌ನಲ್ಲಿದ್ದೆವು. ನನ್ನ ಗಂಡ ಸಾಂಟಾ ಕ್ಲಾರಾದ ಒಂದು ಚಿಪ್ ಕಂಪನಿಯಲ್ಲಿ ಎಂಜಿನಿಯರು, ಮಗಳಿಗೆ ನಾಲ್ಕು ವರ್ಷ. ನಾನು ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಸ್ವಲ್ಪ ದಿನ ಕಾಲೇಜಿನಲ್ಲಿ ಪಾಠ ಹೇಳಿ, ಮದುವೆಯಾಗಿ ಬಂದವಳು. ಬಂದ ಮೇಲೆ ಬಹಳ ವರ್ಷ ವೀಸಾದ ಕಾರಣ ಮನೆಯಲ್ಲೇ ಕೂತಿದ್ದೆ. ಗ್ರೀನ್ ಕಾರ್ಡಿನ ಅರ್ಜಿ ಹೋಗಿ, ಕೆಲಸ ಮಾಡಲು ನನಗೂ ಅನುಮತಿ ಸಿಗುವ ಹೊತ್ತಿಗೆ ಡಾಟ್‌ಕಾಮ್ ಜ್ವರ ಏರಿತ್ತು. ನಾಲ್ಕು ಸಾಲು ಇಂಗ್ಲಿಷ್ ನೆಟ್ಟಗೆ ಬರೆಯುವವರನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತಿದ್ದ ಕಾಲ. ರೆಡ್‌ವುಡ್ ಸಿಟಿಯಲ್ಲಿ ಪ್ರವಾಸದ ವೆಬ್‌ಸೈಟ್ ನಡೆಸುತ್ತಿದ್ದ ಒಂದು ಪುಟ್ಟ ಕಂಪನಿ ನನ್ನನ್ನೂ ತೆಗೆದುಕೊಂಡಿತು.

ಯೂರೋಪಿನ ದ್ವೀಪಗಳನ್ನು ಅಕ್ಷರಾನುಕ್ರಮದಲ್ಲಿ ಹಂಚಿದ್ದರು. ಮೊದಲ ಮೂರು ಅಕ್ಷರ ನನ್ನ ಪಾಲಿಗೆ ಬಂದವು. ಪ್ರತಿ ದ್ವೀಪಕ್ಕೂ ಒಂದು ಪುಟ. ಐತಿಹಾಸಿಕ ಸ್ಥಳಗಳು, ಮ್ಯೂಸಿಯಂಗಳು, ಮಳೆ ಬಂದರೆ ಏನು ಮಾಡಬಹುದು, ಮಕ್ಕಳಿದ್ದರೆ ಎಲ್ಲಿಗೆ ಹೋಗಬಹುದು. ನನಗಿಂತ ಚಿಕ್ಕವನಾದ ಬಾಸು ಮೊದಲ ದಿನವೇ ಹೇಳಿದ್ದ: "ಯಾರೂ ಅಲ್ಲಿಗೆ ಹೋಗಿ ನೋಡಬೇಕಾಗಿಲ್ಲ. ಪುಸ್ತಕ ನೋಡಿ, ಫೋನ್ ಮಾಡಿ, ಬರೆಯಿರಿ."

ಹಾಗೆ ಬರೆದ ಆಂಗಲ್ಸಿಯ ಪುಟವನ್ನು ತಿದ್ದೋಣವೆಂದು ಪ್ರಿಂಟ್ ತೆಗೆದುಕೊಂಡು ಮನೆಗೆ ಬಂದಿದ್ದೆ. ಶನಿವಾರ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಬಟ್ಟೆ ಹಾಕಿ, ಮಷೀನಿನ ಮೇಲೆ ಕಾಗದ ಹರಡಿಕೊಂಡು ನಿಂತಿದ್ದೆ. ಪಕ್ಕದಲ್ಲಿ ಟವೆಲ್ ಮಡಿಸುತ್ತಿದ್ದ ಮುದುಕಿಯೊಬ್ಬರು ಬಗ್ಗಿ ನೋಡಿದರು. ನೆಲಮಹಡಿಯಲ್ಲಿ ಒಬ್ಬರೇ ಇದ್ದವರು. ನಮಗೆ ಹಲೋ ಹೇಳುವಷ್ಟೇ ಪರಿಚಯ.

"ಈ ಊರಿನ ಸ್ಪೆಲಿಂಗು ತಪ್ಪಾಗಿದೆ," ಎಂದರು.

"ನಿಮಗೆ ಗೊತ್ತಾ ಈ ಊರು?"

"ನಾನು ಹುಟ್ಟಿದ್ದು ಅಲ್ಲೇ," ಎಂದು ಟವೆಲ್ಲನ್ನು ಬುಟ್ಟಿಗೆ ಹಾಕಿದರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಆ ದ್ವೀಪದಲ್ಲಿ ಅಮೆರಿಕದ ವಿಮಾನಗಳು ಬಂದು ಇಳಿಯುತ್ತಿದ್ದವಂತೆ. ಅಲ್ಲಿಗೆ ಬಂದ ಒಬ್ಬ ಮೆಕ್ಯಾನಿಕ್ಕನ್ನು ಮದುವೆಯಾಗಿ ಇವರು ಹಡಗು ಹತ್ತಿದ್ದರು. ಗಂಡ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಗಂಡನ ಮೊದಲ ಹೆಂಡತಿಯ ಮಗನೊಬ್ಬ ಸ್ಯಾಕ್ರಮೆಂಟೊ ಕಡೆ ಇದ್ದ. ಸ್ವಂತ ಮಕ್ಕಳಿರಲಿಲ್ಲ. ಮಗಳು ಅವರನ್ನು ಏನೆಂದು ಕರೆಯಬೇಕೆಂದು ನಾನು ಕೇಳಿದಾಗ, ಅಜ್ಜಿಗೆ ತಮ್ಮ ಕಡೆ ನೈನ್ ಅನ್ನುತ್ತಾರೆ ಎಂದರು. ಮಗಳು ಎರಡೂ ಕೈಯ ಬೆರಳು ಎಣಿಸಿ, "ನೈನ್? ವೈ ನಾಟ್ ಟೆನ್?" ಎಂದು ಕೇಳಿ ಅವರನ್ನು ನಗಿಸಿಬಿಟ್ಟಳು. ಅಂದಿನಿಂದ ನನಗೂ ಅವರು ನೈನ್.

ಭಾನುವಾರ ಮಧ್ಯಾಹ್ನ ನಾನು ಪುಟ ಹಿಡಿದು ಅವರ ಅಡುಗೆಮನೆಯ ಮೇಜಿಗೆ ಹೋಗಿ ಕೂರುವುದು ರೂಢಿಯಾಯಿತು. ಕಡುಗಪ್ಪು ಚಹಾಕ್ಕೆ ಹಾಲು ಹಾಕಿ ಕೊಡುತ್ತಿದ್ದರು. ನಾನು ಒಯ್ದ ಚಕ್ಕುಲಿಯನ್ನು ಅದರಲ್ಲಿ ಅದ್ದಿ ತಿನ್ನುತ್ತಿದ್ದರು. ನಾನು ಓದುತ್ತಿದ್ದೆ, ಅವರು ತಡೆಯುತ್ತಿದ್ದರು.

"ಬ್ಯೂಮಾರಿಸ್ ಊರಿನ ಹಳೆಯ ಜೈಲು. ಕೈದಿಗಳನ್ನು ಹತ್ತಿಸಿ ತಿರುಗಿಸುತ್ತಿದ್ದ ಮರದ ಚಕ್ರ ಇಲ್ಲಿ ಇವತ್ತಿಗೂ ಇದೆ," ಎಂದು ಓದಿದೆ.

"ಜೈಲಾ? ನಾನು ಚಿಕ್ಕವಳಿದ್ದಾಗ ಅದು ಪೊಲೀಸ್ ಸ್ಟೇಷನ್ನು. ಚಿಕ್ಕಮ್ಮನ ಸೈಕಲ್ ಕಳುವಾಗಿ ಕಂಪ್ಲೇಂಟ್ ಕೊಡೋಕೆ ಹೋಗಿದ್ವಿ. ಈಗ ದುಡ್ಡು ಕೊಟ್ಟು ಒಳಗೆ ಹೋಗ್ತಾರಾ ಜನ?"

ಕೋಟೆಯ ಬಗ್ಗೆ ಅವರಿಗೆ ಅಂಥ ಗೌರವವೇನೂ ಇರಲಿಲ್ಲ. ನಮ್ಮ ವೇಲ್ಸಿನವರನ್ನು ಹೆದರಿಸಲು ಇಂಗ್ಲಿಷ್ ರಾಜ ಕಟ್ಟಿಸಲು ಹೊರಟ, ಮುಗಿಸೋಕೆ ಆಗಲಿಲ್ಲ, ಅಷ್ಟೇ ಎನ್ನುತ್ತಿದ್ದರು. ಸುತ್ತಲಿನ ಕಂದಕದಲ್ಲಿ ಹಂಸಗಳಿವೆ, ಬ್ರೆಡ್ಡು ಕಿತ್ತುಕೊಳ್ಳುತ್ತವೆ, ಅದನ್ನು ಬರೆ ಎಂದರು. ಬರೆದೆ. ನೆಲದೊಳಗೆ ಕಲ್ಲಿನ ಓಣಿಯಿರುವ ಐದು ಸಾವಿರ ವರ್ಷದ ಸಮಾಧಿಗೆ ಅವರು ಹೋಗಿಯೇ ಇರಲಿಲ್ಲ. "ಎಲ್ಲಿ ನೋಡಿದರೂ ಕಲ್ಲಿದೆ, ಇನ್ನೊಂದು ಕಲ್ಲು ನೋಡೋಕೆ ಅಷ್ಟು ದೂರ ಯಾರು ನಡೀತಾರೆ?"

ಪುಟದಲ್ಲಿ ಗಾಳಿಗಿರಣಿಯ ಸಾಲು ಬಂದಾಗ ಮಾತ್ರ ಅವರು ಕೈಯಲ್ಲಿದ್ದ ಚಕ್ಕುಲಿಯನ್ನು ಕೆಳಗಿಟ್ಟರು. ಅವರ ಮನೆ ಇದ್ದದ್ದು ಆ ಗಿರಣಿಯ ಕೆಳಗಿನ ಹೊಲದ ಅಂಚಿನಲ್ಲಿ. ಅವರು ಹುಟ್ಟುವ ಮೊದಲೇ ಬಿರುಗಾಳಿಗೆ ಕೆಟ್ಟು ನಿಂತಿದ್ದ ಗಿರಣಿ. ಮಳೆ ಬಂದರೆ ಕುರಿಗಳು ಅದರೊಳಗೆ ಹೋಗಿ ಮಲಗುತ್ತಿದ್ದವು. ಅಣ್ಣನ ಜೊತೆ ಅವನ್ನು ಹೊರಗೆ ಅಟ್ಟುವುದು ಇವರ ಕೆಲಸವಾಗಿತ್ತು. ಅದನ್ನು ರಿಪೇರಿ ಮಾಡಿಸಿದ್ದಾರೆ, ಈಗ ಗಾಳಿ ಬಂದರೆ ರೆಕ್ಕೆ ತಿರುಗುತ್ತವೆ, ಹಿಟ್ಟು ಬೀಸುತ್ತಾರೆ, ಅಂಗಡಿಯಲ್ಲಿ ಮಾರುತ್ತಾರೆ ಎಂದು ನಾನು ಓದಿದೆ.

"ಸುಳ್ಳು," ಎಂದರು. ಇನ್ನೊಮ್ಮೆ ಓದಿಸಿದರು. ಆಮೇಲೆ ಕೇಳಿದರು, "ನೀನು ಯಾವತ್ತಾದರೂ ಅಲ್ಲಿಗೆ ಹೋಗ್ತೀಯಾ?"

"ಗ್ರೀನ್ ಕಾರ್ಡು ಬರಲಿ ನೈನ್. ಬಂದ ಬೇಸಿಗೆಗೇ ಹೋಗೋಣ, ನಾವೆಲ್ಲ ಒಟ್ಟಿಗೆ."

ಗಂಡನಿಗೆ ಹೇಳಿದಾಗ ಅವರು ನಕ್ಕು, "ಹೋಗೋಣ ಬಿಡು. ತಾಜ್ ಮಹಲೇ ನೋಡಿಲ್ಲ ನಾನು, ವೇಲ್ಸ್‌ನಲ್ಲಿ ಜೈಲ್ ನೋಡ್ಕೊಂಡ್ ಬರೋಣ," ಎಂದರು.

ಪುಟಕ್ಕೆ ಬೇಕಾದ ಸಮಯ, ದಾರಿಗಳನ್ನು ಖಚಿತ ಮಾಡಿಕೊಳ್ಳಲು ನಾನು ದ್ವೀಪಕ್ಕೆ ಫೋನ್ ಮಾಡುತ್ತಿದ್ದೆ. ಅಲ್ಲಿನ ಬಂದರಿನ ಪಕ್ಕದಲ್ಲಿ, ಹಿಂದೆ ಲೈಫ್‌ಬೋಟು ನಿಲ್ಲಿಸುತ್ತಿದ್ದ ಶೆಡ್ಡಿನಲ್ಲಿ ಒಂದು ಸಣ್ಣ ಮ್ಯೂಸಿಯಂ ಇತ್ತು. ಮುಳುಗಿದ ಹಡಗುಗಳ ಚೂರುಪಾರು, ಹಳೆಯ ಫೋಟೊಗಳು. ಊರಿನವರೇ ಸಂಬಳವಿಲ್ಲದೆ ಸರದಿಯ ಮೇಲೆ ಬಂದು ನಡೆಸುತ್ತಿದ್ದರು. ಮಧ್ಯಾಹ್ನ ಮಾತ್ರ ತೆರೆದಿರುತ್ತಿದ್ದದ್ದರಿಂದ ನಾನು ಇಲ್ಲಿ ಬೆಳಗಾಗುತ್ತಲೇ ಮಾಡಬೇಕಿತ್ತು. ಹೆಚ್ಚಾಗಿ ಫೋನ್ ಎತ್ತುತ್ತಿದ್ದವರು ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಒಬ್ಬ ಹಿರಿಯರು. ನಮ್ಮ ನೆಲಮಹಡಿಯಲ್ಲಿ ಅವರ ದ್ವೀಪದ ಅಜ್ಜಿಯಿದ್ದಾರೆ ಎಂದಾಗ ಬಹಳ ಖುಷಿಪಟ್ಟು ಯಾವ ಹಳ್ಳಿ, ಯಾರ ಮಗಳು ಎಂದೆಲ್ಲ ಕೇಳಿದ್ದರು. ನಮ್ಮವರು ಮಂಡ್ಯ, ಹಾಸನ ಎಂದರೆ ಸಾಕು ನೆಂಟಸ್ತಿಕೆ ಹುಡುಕುವಂತೆಯೇ.

ಮರುವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ, ಒಂದು ಶನಿವಾರ ಬೆಳಿಗ್ಗೆ, ಉಪ್ಪಿಟ್ಟು ಕೊಡಲೆಂದು ಕೆಳಗೆ ಹೋದೆ. ಬಾಗಿಲು ಬೀಗ ಹಾಕಿರಲಿಲ್ಲ. ನೈನ್ ಅಡುಗೆಮನೆಯ ನೆಲದ ಮೇಲೆ, ಕಪಾಟಿಗೆ ಒರಗಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಬಾಯಿಯ ಒಂದು ಬದಿ ಜೋತಿತ್ತು. ನನ್ನನ್ನು ಕಂಡು ಮಾತಾಡಿದರು. ಒಂದು ಶಬ್ದವೂ ಇಂಗ್ಲಿಷಾಗಿರಲಿಲ್ಲ.

ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಅದು ಪಾರ್ಶ್ವವಾಯು ಎಂದರು. ಡಾಕ್ಟರು ಅವರ ಹೆಸರು ಕೇಳಿದರು, ಇವತ್ತು ಯಾವ ವಾರ ಎಂದು ಕೇಳಿದರು. ಅವರು ಉದ್ದುದ್ದವಾಗಿ ಉತ್ತರ ಕೊಟ್ಟರು.

"ಮಾತು ಪೂರ್ತಿ ಕಲಸಿಹೋಗಿದೆ. ಅರ್ಥವಿಲ್ಲದ ಸದ್ದು," ಎಂದು ಡಾಕ್ಟರು ನರ್ಸಿಗೆ ಹೇಳಿದರು.

"ಅರ್ಥ ಇದೆ. ಅದು ವೆಲ್ಷ್ ಭಾಷೆ, ಅವರ ತಾಯಿಭಾಷೆ," ಎಂದೆ.

"ನಿಮಗೆ ಬರುತ್ತಾ?"

"ಇಲ್ಲ."

ನರ್ಸು ಒಳ್ಳೆಯವಳು. ದುಭಾಷಿಗಳ ಫೋನ್ ಸರ್ವೀಸಿಗೆ ಕರೆಮಾಡಿದಳು. ಪಂಜಾಬಿ ಇದೆ, ಫಾರ್ಸಿ ಇದೆ, ಟಗಾಲೋಗ್ ಈಗಲೇ ಸಿಗುತ್ತದೆ, ವೆಲ್ಷ್ ಮಾತ್ರ ಸಿಗುವುದಿಲ್ಲ ಎಂದರು. ಮಲಮಗನಿಗೂ ಫೋನ್ ಮಾಡಿದಳು. ಅವನು ಕೆಲಸದ ಮೇಲೆ ಬೇರೆ ರಾಜ್ಯದಲ್ಲಿದ್ದ. ಸೋಮವಾರ ಬರುತ್ತೇನೆಂದ.

ಆ ಮಧ್ಯಾಹ್ನವೆಲ್ಲ ನಾನು ಹಾಸಿಗೆಯ ಪಕ್ಕ ಕೂತಿದ್ದೆ. ಮೊದಮೊದಲು ಉದ್ದ ಮಾತಾಡುತ್ತಿದ್ದವರು ಬರಬರುತ್ತ ಒಂದೇ ಶಬ್ದ ಹೇಳತೊಡಗಿದರು. ದೂರ್. ದೂರ್. ಕಿಟಕಿಯ ಕಡೆ ನೋಡುವುದು, ನನ್ನ ಕಡೆ ನೋಡುವುದು, ದೂರ್ ಅನ್ನುವುದು. ನನ್ನ ಕಿವಿ ಕನ್ನಡದ್ದು. ಅದಕ್ಕೆ ಕೇಳಿಸಿದ್ದು ದೂರ. ಅವರ ಭಾಷೆಯಲ್ಲಿ ಅದರ ಅರ್ಥ ಬೇರೆ ಏನೋ ಇರಬೇಕೆಂದು ತಲೆಗೆ ಗೊತ್ತಿತ್ತು. ಆದರೆ ಹುಟ್ಟಿದ ನೆಲ ಬಿಟ್ಟು ಇಷ್ಟು ದೂರ ಬಂದು ಬಿದ್ದವರು ಅದಲ್ಲದೆ ಇನ್ನೇನು ಹೇಳುತ್ತಾರೆ ಎಂದು ಮನಸ್ಸು ಹಟ ಹಿಡಿಯಿತು.

"ಹೌದು ನೈನ್, ದೂರ. ತುಂಬಾ ದೂರ," ಎಂದು ಕನ್ನಡದಲ್ಲೇ ಹೇಳುತ್ತ ಎಡಗೈ ಸವರುತ್ತಿದ್ದೆ. ಅವರು ಕೈ ಎಳೆದುಕೊಂಡರು. ಕಣ್ಣಲ್ಲಿ ನೀರು ಬಂತು, ಅದು ಸಿಟ್ಟಿನ ನೀರು. ನನಗೆ ಬರುತ್ತಿದ್ದ ಅವರ ಭಾಷೆಯೆಂದರೆ ವೆಬ್‌ಸೈಟಿಗಾಗಿ ಕಲಿತ ಊರುಗಳ ಹೆಸರು ಮಾತ್ರ. ಅದನ್ನೇ ಹೇಳಿದೆ. ಕೋಟೆಯ ಊರು, ದೀಪಸ್ತಂಭದ ಬಂಡೆ, ಗಿರಣಿಯ ಹಳ್ಳಿ. ಬಾಯಾರಿದ ಮುದುಕಿಯ ಮುಂದೆ ಕೂತು ಪ್ರವಾಸಿ ತಾಣಗಳ ಹೆಸರು ಹೇಳುತ್ತಿದ್ದೇನೆಂಬುದು ನನಗೆ ಆಗ ತಿಳಿಯಲಿಲ್ಲ.

ತಿಳಿದದ್ದು ಮರುದಿನ ಬೆಳಿಗ್ಗೆ. ಆಸ್ಪತ್ರೆಗೆ ಹೊರಡುವ ಮುಂಚೆ ಮ್ಯೂಸಿಯಂಗೆ ಫೋನ್ ಮಾಡಿದೆ. ಅದೃಷ್ಟಕ್ಕೆ ಆ ಹಿರಿಯರೇ ಎತ್ತಿದರು. ನಡೆದದ್ದನ್ನು ಹೇಳಿ, "ಒಂದೇ ಶಬ್ದ ಹೇಳ್ತಿದಾರೆ. ದೂರ್, ದೂರ್ ಅಂತ," ಎಂದೆ.

"ಇನ್ನೊಂದು ಸಲ ಹೇಳಮ್ಮ."

"ದೂರ್."

"ನೀರು," ಎಂದರು. "ನೀರು ಕೇಳ್ತಿದಾರೆ. ಬಾಯಾರಿದೆ ಅವರಿಗೆ."

ಆಫೀಸಿನ ದಾರಿಯ ಡಂಬಾರ್ಟನ್ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ದಿನವೂ ನಿಂತು ನಿಂತು ಗಾಡಿ ಓಡಿಸಿ ಅಭ್ಯಾಸವಾಗಿದ್ದ ನಾನು ಅವತ್ತು ಫ್ರೀಮಾಂಟಿನ ಖಾಲಿ ರಸ್ತೆಯಲ್ಲಿ ಹೇಗೆ ಓಡಿಸಿದೆನೋ ನೆನಪಿಲ್ಲ. ನರ್ಸಿನ ಹತ್ತಿರ ಓಡಿ, "ನೀರು ಕೊಡಿ, ಅವರು ನಿನ್ನೆಯಿಂದ ನೀರು ಕೇಳ್ತಿದಾರೆ," ಎಂದೆ.

ಅವಳ ಮುಖ ಸಣ್ಣದಾಯಿತು. "ಕೊಡೋ ಹಾಗಿಲ್ಲ. ನುಂಗೋ ಶಕ್ತಿ ಇದೆಯಾ ಅಂತ ಟೆಸ್ಟ್ ಆಗಬೇಕು. ಮಾಡುವವರು ಬರೋದು ನಾಳೆ. ಅದಕ್ಕೆ ಮುಂಚೆ ಕೊಟ್ಟರೆ ಶ್ವಾಸಕೋಶಕ್ಕೆ ಹೋಗುತ್ತೆ." ಕೈಗೆ ಚುಚ್ಚಿದ್ದ ಸಲೈನನ್ನು ತೋರಿಸಿ, ದೇಹಕ್ಕೆ ನೀರಿನ ಕೊರತೆಯಿಲ್ಲ ಎಂದಳು. ಕಡ್ಡಿಯ ತುದಿಗೆ ಗುಲಾಬಿ ಬಣ್ಣದ ಸ್ಪಂಜು ಸಿಕ್ಕಿಸಿದ್ದನ್ನು ಒಂದು ಲೋಟದಲ್ಲಿ ಅದ್ದಿ, ಹಿಂಡಿ, ನನ್ನ ಕೈಗೆ ಕೊಟ್ಟಳು. ತುಟಿ ಒದ್ದೆ ಮಾಡಬಹುದು, ಅಷ್ಟೇ.

ನೈನ್ ಆ ಸ್ಪಂಜನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು. ಬಿಡಲೇ ಇಲ್ಲ. ಹಿಂಡಿ ಕೊಟ್ಟ ಸ್ಪಂಜಿನಲ್ಲಿ ಏನಿರುತ್ತದೆ? ನಿನ್ನೆ ಅರ್ಥವಾಗದೆ ಕೊಡಲಿಲ್ಲ, ಇವತ್ತು ಅರ್ಥವಾಗಿಯೂ ಕೊಡುವ ಹಾಗಿಲ್ಲ. ಮೆತ್ತಗೆ ಕಡ್ಡಿಯನ್ನು ಎಳೆದುಕೊಳ್ಳುವಾಗ ನಾನು ಅವರ ಮುಖ ನೋಡಲಿಲ್ಲ.

ಸೋಮವಾರ ಆಫೀಸಿಗೆ ರಜೆ ಹೇಳಿ, ವಿದೇಶಕ್ಕೆ ಅಗ್ಗವಾಗಿ ಫೋನ್ ಮಾಡಲು ಇಂಡಿಯನ್ ಗ್ರೋಸರಿಯಲ್ಲಿ ಮಾರುವ ಕಾಲಿಂಗ್ ಕಾರ್ಡು ತೆಗೆದುಕೊಂಡು ಬೆಳಗಾಗುತ್ತಲೇ ಹೋದೆ. ಹಾಸಿಗೆಯ ಪಕ್ಕದ ಫೋನಿನಿಂದ ಮ್ಯೂಸಿಯಂಗೆ ಹಚ್ಚಿ ರಿಸೀವರನ್ನು ಅವರ ಎಡಗಿವಿಗೆ ಹಿಡಿದೆ. ಆ ಹಿರಿಯರು ಏನೋ ಹೇಳಿದರು. ನೈನ್ ಕಣ್ಣು ದೊಡ್ಡದು ಮಾಡಿದರು. ಆಮೇಲೆ ಮಾತು, ಮಾತು, ಮಾತು. ಜೋತ ತುಟಿಯಿಂದ ಎಂಜಲು ಸೋರುತ್ತಿತ್ತು, ನಾನು ಒರೆಸುತ್ತಿದ್ದೆ. ಒಮ್ಮೆ ಗದರಿದರು, ಒಮ್ಮೆ ನಕ್ಕರು. ಕಾರ್ಡು ಕಂಪನಿಯ ರೆಕಾರ್ಡ್ ಮಾಡಿದ ಹೆಂಗಸಿನ ಧ್ವನಿ ನಡುವೆ ಬಂದು ಇನ್ನು ಒಂದು ನಿಮಿಷ ಉಳಿದಿದೆ ಎಂದಾಗ ನಾನು ರಿಸೀವರ್ ತೆಗೆದುಕೊಂಡೆ.

"ಏನಂದ್ರು?"

"ನನ್ನನ್ನ ಅವರಣ್ಣ ಅಂದುಕೊಂಡಿದಾರೆ," ಎಂದರು ಹಿರಿಯರು. "ಮಳೆ ಬರ್ತಿದೆ, ಕುರಿಗಳೆಲ್ಲ ಗಿರಣಿಯೊಳಗೆ ಹೋಗಿಬಿಟ್ಟಿವೆ, ನೀನೊಬ್ಬನೇ ಮನೇಲಿ ಬೆಚ್ಚಗೆ ಕೂತಿದೀಯ ಅಂತ ಬೈದರು. ಬರ್ತೀನಿ ಅಂದೆ. ನಾನು ಅವನಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ."

ಅಷ್ಟು ಹೇಳುವುದರೊಳಗೆ ಲೈನು ಕಡಿದುಹೋಯಿತು.

ಮಲಮಗ ಬಂದ. ಅರವತ್ತರ ಹತ್ತಿರದ, ದಣಿದ, ಮರ್ಯಾದಸ್ಥ ಮನುಷ್ಯ. ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದ. ಕೆಲವು ದಿನ ಅವನಿದ್ದಾಗಲೂ ನಾನು ಆ ಫೋನು ಮಾಡಿಸಿದೆ. ನುಂಗುವ ಪರೀಕ್ಷೆಯಾಗಿ ಚಮಚದಲ್ಲಿ ಗಟ್ಟಿ ಮಾಡಿದ ನೀರು ಕೊಡತೊಡಗಿದ್ದರು, ಗಂಜಿಯ ಹಾಗಿರುತ್ತಿತ್ತು. ಆಮೇಲೆ ಒಂದು ದಿನ ಅವನು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದ.

"ನಮ್ಮನೆ ಹತ್ತಿರ ಒಂದು ನರ್ಸಿಂಗ್ ಹೋಮಿದೆ. ಅಲ್ಲಿಗೆ ಕರ್ಕೊಂಡು ಹೋಗ್ತೀನಿ. ವಾರಕ್ಕೊಂದು ಸಲ ನೋಡಬಹುದು."

"ಅಲ್ಲಿ ಅವರ ಮಾತು ಯಾರಿಗೆ ಅರ್ಥವಾಗುತ್ತೆ? ಫೋನಾದರೂ..."

"ಐವತ್ತು ವರ್ಷ ಇಂಗ್ಲಿಷ್ ಮಾತಾಡಿದಾರೆ. ಅದು ವಾಪಸ್ ಬರಬೇಕಾದರೆ ಇಂಗ್ಲಿಷೇ ಕಿವಿಗೆ ಬೀಳಬೇಕಂತೆ. ಆ ಇನ್ನೊಂದು ಭಾಷೆ ಗೊಂದಲ ಮಾಡುತ್ತೆ." ನೆಲ ನೋಡುತ್ತ ಸೇರಿಸಿದ, "ನನ್ನ ಅಪ್ಪನ ಮನೇಲಿ ಅವರು ಆ ಭಾಷೆ ಒಂದು ದಿನವೂ ಆಡಿದ್ದು ನಾನು ಕೇಳಿಲ್ಲ. ನನಗೆ ಅವರು ಯಾರೋ ಅನ್ನಿಸುತ್ತೆ."

ಅವನನ್ನು ದೂರಲು ನನಗೆ ಏನೂ ಸಿಗಲಿಲ್ಲ. ಅವನು ಮಗ. ನಾನು ಮೇಲಿನ ಮಹಡಿಯವಳು. ಹೊರಡುವ ದಿನ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ವ್ಯಾನಿಗೆ ಗಾಲಿಕುರ್ಚಿ ಹತ್ತಿಸುವಾಗ ನೈನ್ ನನ್ನನ್ನು ನೋಡಿ ಒಂದು ವಾಕ್ಯ ಹೇಳಿದರು. ಏನೆಂದು ಇವತ್ತಿಗೂ ಗೊತ್ತಿಲ್ಲ. ನೆನಪಿಟ್ಟುಕೊಂಡು ಮ್ಯೂಸಿಯಂನವರಿಗೆ ಹೇಳಿ ಕೇಳೋಣವೆಂದುಕೊಂಡೆ, ಕಾರಿಗೆ ಬರುವಷ್ಟರಲ್ಲಿ ಶಬ್ದಗಳು ಜಾರಿಹೋಗಿದ್ದವು. "ಅಮ್ಮಾ, ವಾಟ್ ಡಿಡ್ ಶೀ ಸೇ?" ಎಂದು ಮಗಳು ಕೇಳಿದಳು.

"ಹೋಗಿ ಬರ್ತೀನಿ ಅಂದ್ರು ಪುಟ್ಟಾ," ಎಂದೆ.

ನರ್ಸಿಂಗ್ ಹೋಮಿಗೆ ನಾನು ಫೋನ್ ಮಾಡಿದಾಗಲೆಲ್ಲ, ನೀವು ಫ್ಯಾಮಿಲಿಯಾ ಎಂದು ಕೇಳುತ್ತಿದ್ದರು. ಅಲ್ಲವೆಂದರೆ ಏನೂ ಹೇಳುವ ಹಾಗಿಲ್ಲ. ಒಂದು ಸಲ ಗಂಡ ಕರೆದುಕೊಂಡು ಹೋದರು. ಟಿವಿಯ ಮುಂದೆ ಸಾಲಾಗಿ ಕೂರಿಸಿದ್ದವರ ನಡುವೆ ನೈನ್ ಇದ್ದರು. ಮಾತು ಪೂರ್ತಿ ನಿಂತಿತ್ತು. ಇಂಗ್ಲಿಷೂ ಬಂದಿರಲಿಲ್ಲ, ಅವರದೂ ಉಳಿದಿರಲಿಲ್ಲ. "ತುಂಬಾ ಶಾಂತವಾಗಿದ್ದಾರೆ, ಏನೂ ತೊಂದರೆ ಕೊಡಲ್ಲ," ಎಂದಳು ನೋಡಿಕೊಳ್ಳುವ ಹುಡುಗಿ. ವಾಪಸು ಬರುವಾಗ ಫ್ರೀವೇಯಲ್ಲಿ ಗಂಡ ರೇಡಿಯೊ ಹಾಕಲಿಲ್ಲ. "ನಾವೇನ್ ಮಾಡಕ್ಕಾಗತ್ತೆ ಹೇಳು," ಎಂದರು.

"ಏನೂ ಇಲ್ಲ ರೀ," ಎಂದೆ.

ಚಳಿಗಾಲ ಮುಗಿಯುತ್ತ ಬಂದಾಗ ತೀರಿಕೊಂಡರು. ನನಗೆ ತಿಳಿದದ್ದು ಅಪಾರ್ಟ್‌ಮೆಂಟಿನ ಮ್ಯಾನೇಜರು ಮನೆ ಖಾಲಿ ಮಾಡಿಸುತ್ತಿದ್ದಾಗ. ಅದೇ ತಿಂಗಳು ನಮ್ಮ ಕಂಪನಿಯೂ ಮುಚ್ಚಿತು. ಒಂದು ಬೆಳಿಗ್ಗೆ ಎಲ್ಲರನ್ನೂ ಮೀಟಿಂಗಿಗೆ ಕರೆದು, ಮಧ್ಯಾಹ್ನದೊಳಗೆ ಡೆಸ್ಕು ಖಾಲಿ ಮಾಡಿ ಎಂದರು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಆ ದ್ವೀಪದ ಪುಟ ಹುಡುಕಿದೆ. ಸೈಟೇ ತೆರೆಯಲಿಲ್ಲ.

ವಸಂತದಲ್ಲಿ ಮಲಮಗ ಫೋನ್ ಮಾಡಿದ. ನನ್ನ ನಂಬರು ಇಟ್ಟುಕೊಂಡಿದ್ದನೆಂದು ಆಶ್ಚರ್ಯವಾಯಿತು.

"ದಹನ ಮಾಡಿದ್ವಿ. ಬೂದಿಯನ್ನ ಅವರ ದ್ವೀಪದಲ್ಲೇ ಬಿಡಬೇಕು ಅಂತ ಹಿಂದೆ ಯಾವಾಗಲೋ ಅಪ್ಪನಿಗೆ ಹೇಳಿದ್ರಂತೆ. ನನಗೆ ಆ ಜಾಗದ ಬಗ್ಗೆ ಏನೂ ಗೊತ್ತಿಲ್ಲ. ನೀವು ಅದರ ಬಗ್ಗೆ ಬರೆದವರಲ್ವಾ? ಯಾವ ಜಾಗ ಒಳ್ಳೇದು?"

ಕೋಟೆ, ಜೈಲು, ದೀಪಸ್ತಂಭ, ಸಮಾಧಿ. ಯಾವುದನ್ನೂ ಕಣ್ಣಲ್ಲಿ ನೋಡದ ನನ್ನನ್ನು, ಒಂದು ಜೀವ ಎಲ್ಲಿ ಮಣ್ಣು ಸೇರಬೇಕೆಂದು ಕೇಳುತ್ತಿದ್ದ. "ಗಿರಣಿಯ ಕೆಳಗಿನ ಹೊಲ," ಎಂದೆ. ಒಂದು ದಿನ ತಡೆಯಿರಿ ಎಂದು ಹೇಳಿ ಮ್ಯೂಸಿಯಂಗೆ ಫೋನ್ ಮಾಡಿದೆ. ಆ ಹಿರಿಯರು ಸುದ್ದಿ ಕೇಳಿ, ತಮ್ಮ ಭಾಷೆಯಲ್ಲಿ ಏನೋ ಮೆಲ್ಲಗೆ ಅಂದುಕೊಂಡರು. ಹೊಲದವರು ತಮಗೆ ಗೊತ್ತು, ಬೇಸಿಗೆಯಲ್ಲಿ ಯಾವಾಗ ಬೇಕಾದರೂ ಬರಲಿ, ತಾವೇ ಕರೆದುಕೊಂಡು ಹೋಗುವುದಾಗಿ ಹೇಳಿದರು. ಅವರ ನಂಬರನ್ನು ಮಲಮಗನಿಗೆ ಕೊಟ್ಟೆ. ಆಗಸ್ಟಿನಲ್ಲಿ ಹೋಗುತ್ತೇನೆಂದ. ಆಗಸ್ಟಿನಲ್ಲಿ ಅವನಿಗೆ ರಜೆ ಸಿಗಲಿಲ್ಲ, ಅಕ್ಟೋಬರಿಗೆ ಎಂದ. ನಡುವೆ, ಜೋಡಿ ಗೋಪುರಗಳಿಗೆ ವಿಮಾನಗಳು ಅಪ್ಪಳಿಸಿದ ಆ ಸೆಪ್ಟೆಂಬರು ಬಂತು.

ಮುಂದಿನ ವರ್ಷ ಈಸ್ಟರ್ ಹೊತ್ತಿಗೆ ಮ್ಯೂಸಿಯಂನ ಹಿರಿಯರು ತಾವೇ ಫೋನ್ ಮಾಡಿ, "ಬರ್ತಾರಾ ಅವರು?" ಎಂದು ಕೇಳಿದರು. ಕೇಳಿ ಹೇಳುತ್ತೇನೆಂದು ನಾನು ಮಲಮಗನಿಗೆ ಫೋನ್ ಮಾಡಿದೆ.

"ವಿಮಾನ ಹತ್ತೋಕೆ ನನ್ನ ಹೆಂಡತಿಗೆ ಭಯ. ನನ್ನ ಕೆಲಸವೂ ಅಲ್ಲಾಡ್ತಿದೆ," ಎಂದ. "ಆದರೆ ಯೋಚನೆ ಮಾಡಬೇಡಿ. ಗ್ಯಾರೇಜಿನಲ್ಲಿ, ಮೇಲಿನ ಶೆಲ್ಫಿನಲ್ಲಿ ಇಟ್ಟಿದೀನಿ. ಜೋಪಾನವಾಗಿದೆ."

ನನಗೆ ಕೊಡಿ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಯಾವ ಹಕ್ಕಿನಿಂದ ಅನ್ನಲಿ? ಕೊಟ್ಟರೂ ತೆಗೆದುಕೊಂಡು ಹೋಗುವುದು ಹೇಗೆ? ನಮ್ಮ ಗ್ರೀನ್ ಕಾರ್ಡು ಇನ್ನೂ ಬಂದಿರಲಿಲ್ಲ. ಈ ಸಮಯದಲ್ಲಿ ದೇಶ ಬಿಟ್ಟು ಹೊರಗೆ ಕಾಲಿಡಬೇಡಿ ಎಂದು ಲಾಯರು ಹೇಳಿದ್ದರು. ಗಂಡನ ಕಂಪನಿಯಲ್ಲೂ ವಾರ ವಾರ ಜನರನ್ನು ತೆಗೆಯುತ್ತಿದ್ದರು.

"ಸರಿ," ಎಂದೆ. "ಥ್ಯಾಂಕ್ಯೂ."

ಸ್ಕೂಲು ಬಿಡುವ ಹೊತ್ತಾಗಿತ್ತು. ಕಾರಿನ ಕೀ ತೆಗೆದುಕೊಂಡು ಮಗಳನ್ನು ಕರೆತರಲು ಹೊರಟೆ.